ಕುಮಾರ ಪರ್ವತ: ಹತ್ತುವ ಮೊದಲು ಇಳಿಯುವ ಲೆಕ್ಕ

ಮಳೆಗಾಲ ಕಳೆದು ಆಕಾಶ ತಿಳಿಯಾಯಿತೆಂದರೆ ನಮ್ಮ ಮನೆಗಳಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ. ರಜೆಗೆ ಬಂದ ಮಕ್ಕಳು, ಬೆಂಗಳೂರಿನಿಂದ ಬಂದ ನೆಂಟರು ಅಂಗಳದಲ್ಲಿ ನಿಂತು ಬೆಟ್ಟದ ಕಡೆ ಕೈ ತೋರಿಸಿ, "ಇಷ್ಟು ಹತ್ತಿರ ಕಾಣುತ್ತದಲ್ಲ, ನಾಳೆ ಹತ್ತಿ ಬರೋಣವೇ?" ಎನ್ನುತ್ತಾರೆ. ನಿತ್ಯ ಕಣ್ಣೆದುರಿಗಿರುವ ಬೆಟ್ಟವಾದ್ದರಿಂದ ನಾವೂ "ಆಗಲಿ" ಎಂದುಬಿಡುತ್ತೇವೆ. ತಪ್ಪು ಆರಂಭವಾಗುವುದು ಅಲ್ಲಿಯೇ. ನಾವು ಬೆಟ್ಟವನ್ನು ಬಲ್ಲೆವು, ನಿಜ. ಆದರೆ ಬುಡದಿಂದ ಬಲ್ಲೆವು.

ಕುಮಾರ ಪರ್ವತ ಅಥವಾ ಪುಷ್ಪಗಿರಿಯ ಎತ್ತರ 1,712 ಮೀಟರ್, ಅಂದರೆ 5,600 ಅಡಿಗೆ ಮಿಕ್ಕಿ. ಕೊಡಗಿನಲ್ಲಿ ತಡಿಯಂಡಮೋಳ್ ಬಿಟ್ಟರೆ ಇದೇ ಎತ್ತರದ ಶಿಖರ. ಪಡುವಣ ತಪ್ಪಲಿನಲ್ಲಿ ಅಡಿಕೆ ತೋಟಗಳು, ಮೂಡಣ ತಪ್ಪಲಿನಲ್ಲಿ ಕಾಫಿ ತೋಟಗಳು. ಎರಡೂ ಬೆಳೆಯವರಿಗೆ ಸಂಬಂಧಪಟ್ಟ ಬೆಟ್ಟವಾದ್ದರಿಂದ, ಒಂದು ದಿನದ ಬೆಟ್ಟದ ನಡಿಗೆಯನ್ನು ಹೇಗೆ ಯೋಜಿಸಬೇಕೆಂಬುದನ್ನು ಇದನ್ನೇ ಉದಾಹರಣೆಯಾಗಿಟ್ಟುಕೊಂಡು ವಿವರಿಸುತ್ತೇವೆ.

ನಾವು ಕಲಿತ ಪಾಠ

ಕೆಲವು ವರ್ಷಗಳ ಹಿಂದೆ ಒಂದು ಡಿಸೆಂಬರಿನಲ್ಲಿ ನಾವು ಒಂಬತ್ತು ಮಂದಿ ಸುಬ್ರಹ್ಮಣ್ಯದಿಂದ ಹೊರಟೆವು. ತಿಂಡಿ ಮುಗಿಸಿ ಕಾಡು ಸೇರುವಾಗಲೇ ಗಂಟೆ ಎಂಟು. ಶೇಷ ಪರ್ವತ ತಲುಪಿದಾಗ ಎರಡು ದಾಟಿತ್ತು. ಹಿಂದಿರುಗಬೇಕೆಂದು ಎಲ್ಲರಿಗೂ ಅನಿಸಿತ್ತು, ಹೇಳಲು ಒಬ್ಬರಿಗೂ ಬಾಯಿ ಬರಲಿಲ್ಲ. ತುದಿ ಮುಟ್ಟಿದಾಗ ಮೂರೂವರೆ. ಇಳಿಯುವಾಗ ಒಬ್ಬರ ಮೊಣಕಾಲು ಕೈಕೊಟ್ಟಿತು. ಗಿರಿಗದ್ದೆಗೆ ಬಹಳ ಮೊದಲೇ ಕತ್ತಲಾಯಿತು. ಒಂಬತ್ತು ಜನಕ್ಕೆ ಇದ್ದದ್ದು ಎರಡು ಟಾರ್ಚು. ಮನೆಯಲ್ಲಿ ಯಾವ ದಾರಿ ಎಂದೂ ಹೇಳಿರಲಿಲ್ಲ, ಎಷ್ಟು ಹೊತ್ತಿಗೆ ಬರುತ್ತೇವೆಂದೂ ಹೇಳಿರಲಿಲ್ಲ. ನೆರೆಹೊರೆಯವರು ಜೀಪು ತೆಗೆದುಕೊಂಡು ಹುಡುಕಲು ಹೊರಟರು. ಅವರು ಹೋದದ್ದು ಸೋಮವಾರಪೇಟೆಯ ಕಡೆಗೆ! ಯಾರಿಗೂ ಪ್ರಾಣಾಪಾಯವಾಗಲಿಲ್ಲ ಎಂಬುದು ನಮ್ಮ ಪುಣ್ಯವೇ ಹೊರತು ಜಾಣತನವಲ್ಲ. ಅಂದು ನಮ್ಮಲ್ಲಿ ಕೊರತೆಯಾದದ್ದು ಕಾಲಿನ ಶಕ್ತಿಯಲ್ಲ, ಲೆಕ್ಕ.

ಹೊತ್ತಿನ ಲೆಕ್ಕ

ಈ ಲೆಕ್ಕಕ್ಕೆ ಹಳೆಯದೊಂದು ಸೂತ್ರವಿದೆ. ಸ್ಕಾಟ್‌ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು. ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ; ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕಡಿದಾದ ಇಳಿಜಾರಿಗೆ ಪ್ರತಿ 300 ಮೀಟರಿಗೆ ಹತ್ತು ನಿಮಿಷ ಸೇರಿಸಬೇಕೆಂಬುದು ಆಮೇಲೆ ಬಂದ ತಿದ್ದುಪಡಿ.

ಇದು ಗಟ್ಟಿ ಮುಟ್ಟಾದವರ, ನಿಲ್ಲದ ನಡಿಗೆಯ ಲೆಕ್ಕ. ನಮ್ಮ ಕಾಡಿನ ಬೇರು, ಬಂಡೆ, ಸೆಕೆ, ಜೊತೆಗೆ ಮಕ್ಕಳು ಮತ್ತು ವಯಸ್ಸಾದವರು ಇವನ್ನೆಲ್ಲ ಗಮನಿಸಿ, ಬಂದ ಉತ್ತರಕ್ಕೆ ಅದರ ಅರ್ಧವನ್ನು ಕೂಡಿಸುವುದು ನಮ್ಮ ರೂಢಿ.

ಈಗ ಸುಬ್ರಹ್ಮಣ್ಯದ ದಾರಿಯನ್ನು ನೋಡೋಣ. ತುದಿಯವರೆಗೆ ಸುಮಾರು 13 ಕಿಲೋಮೀಟರ್. ಊರು ಇರುವುದು ಸಮುದ್ರ ಮಟ್ಟದಿಂದ ನೂರು ಮೀಟರಿಗೆ ಸ್ವಲ್ಪ ಮೇಲೆ. ಆದುದರಿಂದ ಏರು ಸುಮಾರು 1,600 ಮೀಟರ್. ಸೂತ್ರದಂತೆ ಹತ್ತಲು ಐದೂಕಾಲು ಗಂಟೆ, ಅರ್ಧ ಕೂಡಿಸಿದರೆ ಎಂಟು. ಇಳಿಯಲು ಮೂರೂವರೆ, ಅರ್ಧ ಕೂಡಿಸಿದರೆ ಐದೂಕಾಲು. ಊಟ, ವಿಶ್ರಾಂತಿ ಬಿಟ್ಟೇ ಹದಿಮೂರು ಗಂಟೆ ದಾಟಿತು. ಡಿಸೆಂಬರಿನಲ್ಲಿ ನಮ್ಮ ಕಡೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಸಿಗುವುದು ಸುಮಾರು ಹನ್ನೊಂದೂವರೆ ಗಂಟೆ. ಮರಗಳ ಅಡಿಯಲ್ಲಿ ಕತ್ತಲೆ ಇನ್ನೂ ಬೇಗ. ಅಂದರೆ ಸಾಮಾನ್ಯರು ಈ ದಾರಿಯಲ್ಲಿ ಒಂದೇ ದಿನದಲ್ಲಿ ಹೋಗಿಬರುವುದು ಸಾಧ್ಯವಿಲ್ಲವೆಂದು ಕಾಗದವೇ ಹೇಳುತ್ತದೆ. ನಾವು ಮನೆಯ ಜಗಲಿಯಲ್ಲಿ ಕುಳಿತು ಹತ್ತು ನಿಮಿಷದಲ್ಲಿ ತಿಳಿಯಬಹುದಾಗಿದ್ದುದನ್ನು ಇಡೀ ದಿನ ಬಳಲಿ ತಿಳಿದೆವು.

ಸೋಮವಾರಪೇಟೆ ಕಡೆಯ ದಾರಿ ಬೇರೆ. ಹೊರಡುವ ಜಾಗವೇ ಎತ್ತರದಲ್ಲಿದೆ. ದೂರ ಸುಮಾರು 7 ಕಿಲೋಮೀಟರ್. ಏರು ಸುಬ್ರಹ್ಮಣ್ಯ ದಾರಿಯ ಅರ್ಧವೆಂದೇ ಹಿಡಿದರೂ ಹತ್ತಲು ನಾಲ್ಕು ಗಂಟೆ, ಇಳಿಯಲು ಮೂರು ಗಂಟೆಗೆ ಸ್ವಲ್ಪ ಕಡಿಮೆ. ವಿಶ್ರಾಂತಿ, ಊಟಕ್ಕೆ ಒಂದೂಮುಕ್ಕಾಲು ಗಂಟೆ ಇಟ್ಟರೂ ಒಂಬತ್ತು ಗಂಟೆಯೊಳಗೆ ಮುಗಿಯುತ್ತದೆ. ಮನೆಮಂದಿಯೊಡನೆ ಒಂದು ದಿನಕ್ಕೆ ಹೋಗುವವರಿಗೆ ಇದೇ ತಕ್ಕದ್ದು.

ಈ ಕಡೆ ಹತ್ತಿ, ಶೇಷ ಪರ್ವತದ ಮೇಲಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಆಸೆ ಹಲವರಿಗೆ ಉಂಟು. ಲೆಕ್ಕ ಹಾಕಿದರೆ ವಿಶ್ರಾಂತಿ ಸೇರಿ ಹನ್ನೊಂದು ಗಂಟೆ. ಹಗಲಿನಲ್ಲಿ ಉಳಿಯುವುದು ಅರ್ಧ ಗಂಟೆ ಮಾತ್ರ. ಬಹಳ ಗಟ್ಟಿಗರ ಹೊರತು ಯಾರೂ ಅದಕ್ಕೆ ಕೈ ಹಾಕದಿರುವುದು ಲೇಸು. ಹಾಗೆ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯಲು ಅನುಮತಿ ಸಿಗುವುದೇ ಎಂಬುದನ್ನೂ ಮೊದಲೇ ಕೇಳಬೇಕು.

ಹಿಂದಿರುಗುವ ಗಂಟೆ

ಲೆಕ್ಕವನ್ನು ಬೆಳಗ್ಗೆಯಿಂದ ಮುಂದಕ್ಕೆ ಹಾಕಬಾರದು, ಸಂಜೆಯಿಂದ ಹಿಂದಕ್ಕೆ ಹಾಕಬೇಕು. ಮುಸ್ಸಂಜೆಯಲ್ಲಿ ಆನೆ ಕಾಡಿನಿಂದ ತೋಟಕ್ಕಿಳಿಯುವುದನ್ನು ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಆದುದರಿಂದ ಐದು ಗಂಟೆಗೆ ಕಾಡಿನ ಗೇಟಿನಿಂದ ಹೊರಗಿರಬೇಕು. ಇಳಿಯಲು ಮೂರು ಗಂಟೆ, ಕಾಲು ಉಳುಕಿದರೆ, ಮಂಜು ಕವಿದರೆ ಎಂದು ಒಂದು ಗಂಟೆ. ಹಾಗಾದರೆ ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದೇವೋ ಅಲ್ಲಿಂದಲೇ ಮುಖ ತಿರುಗಿಸತಕ್ಕದ್ದು. ತುದಿ ನೂರು ಮಾರು ದೂರವಿದ್ದರೂ ಅಷ್ಟೇ. ಬೆಳಗ್ಗೆ ಏಳಕ್ಕೆ ಹೊರಟರೆ ಹನ್ನೆರಡಕ್ಕೆ ತುದಿ ತಲುಪಿ, ಬುತ್ತಿ ಬಿಚ್ಚಿ, ಒಂದಕ್ಕೆ ಏಳಬಹುದು.

ಈ ಗಂಟೆಯನ್ನು ಹೊರಡುವ ಮೊದಲೇ ಎಲ್ಲರೆದುರು ಹೇಳಿ, ಅದನ್ನು ಜಾರಿಗೆ ತರುವ ಅಧಿಕಾರವನ್ನು ಒಬ್ಬರಿಗೆ ಕೊಡಿ. ಆಗ ಹಿಂದಿರುಗಿದವರು ಅಂಜುಬುರುಕರೆಂಬ ಮಾತಿಗೆ ಎಡೆಯಿರುವುದಿಲ್ಲ. ಅಂದು ನಮ್ಮಲ್ಲಿ ಇಲ್ಲದೆ ಹೋದದ್ದು ಇದೇ.

ಹೊರಡುವ ಮೊದಲು

ಬೆಟ್ಟ ಪುಷ್ಪಗಿರಿ ವನ್ಯಜೀವಿ ಧಾಮಕ್ಕೆ ಸೇರಿದ್ದು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. 2024ರ ಜನವರಿಯಲ್ಲಿ ರಜೆಯ ದಿನಗಳಂದು ಇಲ್ಲಿ ಜನಜಂಗುಳಿಯಾದ ಮೇಲೆ, ಮುಂಗಡವಾಗಿ ಆನ್‌ಲೈನ್ ಮೂಲಕ ಅನುಮತಿ ಪಡೆಯುವ ಕ್ರಮ ಬಂದಿದೆ. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಬೇಸಗೆಯಲ್ಲಿ ಕಾಡುಬೆಂಕಿಯ ಭಯವಿದ್ದಾಗಲೂ ಮುಚ್ಚುವುದುಂಟು. ಸ್ಥಳೀಯರೆಂಬ ಸಲುಗೆ ಬೇಡ. ದಿನ ಗೊತ್ತುಪಡಿಸುವ ಮೊದಲು ವಿಚಾರಿಸಿ.

ನೀರು ತಲಾ ಮೂರು ಲೀಟರ್ ಇರಲಿ, ತೊರೆಗಳನ್ನು ನಂಬಬೇಡಿ. ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಹೊರಲು ಹಗುರ, ಹೊಟ್ಟೆಗೆ ಹಿತ. ಪ್ರತಿಯೊಬ್ಬರಿಗೂ ಒಂದು ಟಾರ್ಚು, ಒಂದು ಸೀಟಿ. ಇಳಿಯುವಾಗ ಊರಲು ಒಂದು ಕೋಲು. ಮಳೆ ನಿಂತ ಹೊಸತರಲ್ಲಿ ಇಂಬಳಗಳಿಗೆ ಉಪ್ಪು. ಮೊಬೈಲನ್ನು ನೆಚ್ಚಬೇಡಿ, ಕಾಡಿನೊಳಗೆ ಸಿಗ್ನಲ್ ಸಿಗದು. ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಚೀಟಿಯಲ್ಲಿ ಬರೆದು ಮನೆಯಲ್ಲಿಡಿ.

ನಡೆಯುವಾಗ ಎಲ್ಲರಿಗಿಂತ ನಿಧಾನಿಯಾದವರನ್ನು ಮುಂದೆ ಬಿಡಿ, ಅವರ ಹೆಜ್ಜೆಯೇ ಗುಂಪಿನ ಹೆಜ್ಜೆ. ನಿಂತಲ್ಲೆಲ್ಲ ತಲೆ ಎಣಿಸಿ. ಹುಲ್ಲುಗಾವಲಿನಲ್ಲಿ ಮಂಜು ಕವಿದು ದಾರಿ ಕಾಣದಾದರೆ ಒಟ್ಟಾಗಿ ನಿಲ್ಲಿ, ಅಡ್ಡದಾರಿ ಹುಡುಕಬೇಡಿ. ಗುಡುಗು ಕೇಳಿಸಿದರೆ ಬೋಳು ನೆತ್ತಿಯಿಂದ ಕೂಡಲೇ ಇಳಿಯಿರಿ. ಬೀಡಿ, ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಒಣಹುಲ್ಲಿಗೆ ಒಂದು ಕಿಡಿ ಬಿದ್ದರೆ ಉರಿ ನಮ್ಮ ತೋಟದ ಬೇಲಿಗೇ ಬಂದೀತು.

ಕೊಯ್ಲಿನ ಗಡಿಬಿಡಿಗೆ ಮೊದಲು ಒಂದು ದಿನ ಬಿಡುವು ಮಾಡಿಕೊಂಡು, ಮಕ್ಕಳನ್ನು ಕರೆದುಕೊಂಡು ಹೋಗಿ ಎಂದೇ ನಾವು ಹೇಳುತ್ತೇವೆ. ತುದಿಯಲ್ಲಿ ನಿಂತು ಒಂದು ಕಡೆ ಕಾಫಿಯ ಸೀಮೆಯನ್ನೂ ಇನ್ನೊಂದು ಕಡೆ ಅಡಿಕೆಯ ಸೀಮೆಯನ್ನೂ ನೋಡಿದವರು ಆ ದಿನವನ್ನು ಮರೆಯಲಾರರು. ಆದರೆ ಹಿಂದಿನ ರಾತ್ರಿ ಕಾಗದ, ಪೆನ್ಸಿಲು ಹಿಡಿದು ಕುಳಿತು, ಇಳಿಯುವ ಗಂಟೆಯನ್ನು ಮೊದಲು ಬರೆಯಿರಿ. ಹತ್ತುವ ಗಂಟೆ ಆಮೇಲೆ.