ಎಂಜಿನಿಗೆ ತಿದಿ ಕಟ್ಟುವ ಮೊದಲು

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಮೋಟಾರಿನ ಗೀಳು ಹಿಡಿದ ತರುಣನೊಬ್ಬನಾದರೂ ಇಲ್ಲದ ಬೀದಿ ವಿರಳವೆಂದೇ ಹೇಳಬೇಕು. ಇವರಲ್ಲಿ ಕೆಲವರು ರಜೆಯ ದಿನಗಳಲ್ಲಿ ಆಟೋಕ್ರಾಸ್ ಎಂಬ ಪಂದ್ಯಕ್ಕೆ ಹೋಗುವುದುಂಟು. ಬಯಲೊಂದರಲ್ಲಿ ಅಂಕುಡೊಂಕಾದ ಹಾದಿಯನ್ನು ಗುರುತಿಸಿ, ಅದರ ಮೇಲೆ ಒಂದೊಂದಾಗಿ ಕಾರುಗಳನ್ನು ಬಿಟ್ಟು, ಪ್ರತಿಯೊಂದೂ ತೆಗೆದುಕೊಂಡ ಕಾಲವನ್ನು ಅಳೆಯುವುದು ಈ ಪಂದ್ಯದ ಕ್ರಮ. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಮಣ್ಣಿನ ನೆಲದ ಮೇಲೆ ನಡೆಯುತ್ತದೆ. ಹಾದಿ ಚಿಕ್ಕದು, ತಿರುವುಗಳು ಬಹಳ. ಎರಡನೆಯ ಗೇರಿನಿಂದ ಮೇಲಕ್ಕೆ ಹೋಗುವ ಸಂದರ್ಭವೇ ಕಡಿಮೆ. ಇಂಥ ಪಂದ್ಯಗಳಲ್ಲಿ ಎರಡು ಮೂರು ಸಲ ಓಡಿಸಿ, ಅರ್ಧ ಸೆಕೆಂಡಿನಲ್ಲಿ ಸೋತು ಮನೆಗೆ ಬಂದ ಮಗನು, "ಅಪ್ಪಾ, ಎಂಜಿನಿಗೊಂದು ಸೂಪರ್‌ಚಾರ್ಜರ್ ಹಾಕಿಸಿಬಿಟ್ಟರೆ ಸಾಕು" ಎನ್ನುತ್ತಾನೆ. "ಅದೇನಪ್ಪ ಅದು, ಎಷ್ಟಾಗುತ್ತದೆ?" ಎಂದು ಕೇಳುವುದು ತಂದೆಯ ಪಾಲಿಗೆ ಬರುತ್ತದೆ. ಈ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಸಮಾಧಾನವನ್ನು ಸ್ವಲ್ಪ ವಿಸ್ತಾರವಾಗಿ ಹೇಳಿದರೆ ಎರಡನೆಯದರ ಗಾತ್ರವು ತಾನಾಗಿಯೇ ಗೊತ್ತಾಗುವುದು.

ಕಮ್ಮಾರನು ಕುಲುಮೆಗೆ ತಿದಿ ಒತ್ತುವುದನ್ನು ನೋಡದವರಿಲ್ಲ. ಇದ್ದಲು ಅಷ್ಟೇ ಇದ್ದರೂ ಗಾಳಿ ಹೆಚ್ಚಿದೊಡನೆ ಬೆಂಕಿಯ ಕಾವು ಏರುತ್ತದೆ. ಸೂಪರ್‌ಚಾರ್ಜರ್ ಎಂಬುದು ಎಂಜಿನಿನ ತಿದಿ. ಸಾಮಾನ್ಯ ಎಂಜಿನು ಪಿಸ್ಟನ್ ಕೆಳಕ್ಕಿಳಿದಾಗ ತನ್ನ ಶಕ್ತಿಯಿದ್ದಷ್ಟು ಗಾಳಿಯನ್ನು ಹೀರುತ್ತದೆ. ತಿದಿಯುಳ್ಳ ಎಂಜಿನಿಗೆ ಗಾಳಿಯನ್ನು ಒತ್ತಿ ತುಂಬಲಾಗುತ್ತದೆ. ಗಾಳಿ ಹೆಚ್ಚಿದಷ್ಟೂ ಪೆಟ್ರೋಲನ್ನು ಹೆಚ್ಚಾಗಿ ಸುಡಬಹುದು. ಟರ್ಬೊ ಎಂಬ ಇದರ ದಾಯಾದಿಯು ಹೊಗೆಯ ವೇಗದಿಂದ ತಿರುಗಿದರೆ, ಸೂಪರ್‌ಚಾರ್ಜರನ್ನು ಎಂಜಿನೇ ಬೆಲ್ಟಿನಿಂದ ತಿರುಗಿಸುತ್ತದೆ. ಆದಕಾರಣ ಕಾಲಿಟ್ಟ ಕ್ಷಣದಲ್ಲಿಯೇ ಶಕ್ತಿ ಬರುವುದು ಇದರ ಗುಣ. ಬಂದ ಶಕ್ತಿಯಲ್ಲಿ ಒಂದು ಪಾಲನ್ನು ತಾನೇ ತಿನ್ನುವುದು ಇದರ ದೋಷ.

ಬೆಂಗಳೂರಿನವರಿಗೆ ಈ ತಿದಿಯ ಮೇಲೆ ಆಸೆ ಹುಟ್ಟಲು ಸಕಾರಣವೂ ಉಂಟು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರಿಗೂ ಮೇಲಿದೆ. ಇಲ್ಲಿಯ ಗಾಳಿಯ ಒತ್ತಡವು ಮದರಾಸಿನ ಕಡಲತೀರದಲ್ಲಿರುವುದಕ್ಕಿಂತ ಸುಮಾರು ಹತ್ತನೆಯ ಒಂದು ಪಾಲು ಕಡಿಮೆ. ಎಂದರೆ ಅಲ್ಲಿ ೮೦ ಅಶ್ವಶಕ್ತಿ ಕೊಡುವ ಎಂಜಿನು ಕೆಂಗೇರಿಯ ಬಯಲಿನಲ್ಲಿ ೭೨ರ ಸುಮಾರಿಗೆ ನಿಲ್ಲುತ್ತದೆ. ಎತ್ತರದಲ್ಲಿ ಹಾರುವ ವಿಮಾನಗಳ ಎಂಜಿನುಗಳಿಗೆ ಸೂಪರ್‌ಚಾರ್ಜರನ್ನು ಅಳವಡಿಸಿದ್ದೂ ಈ ನಷ್ಟವನ್ನು ತುಂಬಿಕೊಳ್ಳುವುದಕ್ಕಾಗಿಯೇ.

ಈ ತಿದಿಗಳಲ್ಲಿ ಮೂರು ಬಗೆ. ಮೊದಲನೆಯದು ರೂಟ್ಸ್ ಬಗೆ. ೧೮೬೦ರಲ್ಲಿ ಅಮೆರಿಕದ ಇಂಡಿಯಾನಾ ಪ್ರಾಂತದ ರೂಟ್ಸ್ ಸಹೋದರರು ಹಕ್ಕುಪತ್ರ ಪಡೆದ ಯಂತ್ರವಿದು. ಒಂದರೊಳಗೊಂದು ಹೆಣೆದು ತಿರುಗುವ ಎರಡು ಉರುಳೆಗಳು ಪ್ರತಿ ಸುತ್ತಿಗೂ ಇಂತಿಷ್ಟೇ ಗಾಳಿಯನ್ನು ಮುಂದಕ್ಕೆ ತಳ್ಳುತ್ತವೆ. ಎರಡನೆಯದು ತಿರುಪಿನ ಬಗೆ. ಸ್ವೀಡನ್ನಿನ ಲೀಸ್‌ಹೋಮ್ ಎಂಬ ಎಂಜಿನಿಯರು ೧೯೩೦ರ ದಶಕದಲ್ಲಿ ರೂಪಿಸಿದ್ದು. ಇದು ಗಾಳಿಯನ್ನು ತನ್ನೊಳಗೇ ಹಿಂಡುವುದರಿಂದ ಬಿಸಿ ಕಡಿಮೆ, ಬೆಲೆ ಹೆಚ್ಚು. ಮೂರನೆಯದು ಕೇಂದ್ರಾಪಗಾಮಿ ಬಗೆ; ಬೀಸಣಿಗೆಯಂಥ ಒಂದು ಚಕ್ರವು ಅತಿವೇಗವಾಗಿ ತಿರುಗಿ ಗಾಳಿಯನ್ನು ಹೊರಕ್ಕೆ ಎಸೆಯುತ್ತದೆ. ಕಾಗದದ ಮೇಲೆ ಹೆಚ್ಚು ಅಶ್ವಶಕ್ತಿಯನ್ನು ತೋರಿಸುವುದು ಈ ಮೂರನೆಯದೇ. ಆದರೆ ಅದರ ಒತ್ತಡವು ವೇಗದ ವರ್ಗದಂತೆ ಏರುತ್ತದೆ. ನಿಮಿಷಕ್ಕೆ ೬೦೦೦ ಸುತ್ತಿನಲ್ಲಿ ೦.೪ ಬಾರ್ ಒತ್ತಡ ಕೊಡುವ ಇಂಥ ಯಂತ್ರವು ೩೦೦೦ ಸುತ್ತಿನಲ್ಲಿ ಕೊಡುವುದು ಸುಮಾರು ೦.೧ ಬಾರ್ ಮಾತ್ರ. ಕಾರು ಕಡಿದಾದ ತಿರುವನ್ನು ದಾಟಿ ಹೊರಬರುವುದು ಆ ಮೂರು ಸಾವಿರದ ಆಸುಪಾಸಿನಲ್ಲಿಯೇ ಅಲ್ಲವೆ? ಉದ್ದನೆಯ ನೇರ ದಾರಿಯಲ್ಲಿ ಓಡತಕ್ಕವರು ಮೂರನೆಯದನ್ನು ಬೇಕಾದರೆ ಆರಿಸಲಿ. ಆಟೋಕ್ರಾಸಿಗೆ ಮೊದಲ ಎರಡರಲ್ಲೊಂದೇ ಸರಿ, ಹಣದ ಮಿತಿಯಿದ್ದರೆ ರೂಟ್ಸ್ ಬಗೆಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಗಾತ್ರವನ್ನು ಗೊತ್ತುಮಾಡುವುದರಲ್ಲಿ ತರುಣರು ಸಾಮಾನ್ಯವಾಗಿ ದೊಡ್ಡದನ್ನೇ ಬಯಸುತ್ತಾರೆ. ಒಂದು ಲೆಕ್ಕ ಮಾಡಿ ನೋಡೋಣ. ನಮ್ಮಲ್ಲಿ ಬಳಕೆಯಲ್ಲಿರುವ ಚಿಕ್ಕ ಕಾರೊಂದರ ಎಂಜಿನು ೧೧೯೭ ಘನ ಸೆಂಟಿಮೀಟರಿನದು ಎಂದಿಟ್ಟುಕೊಳ್ಳಿ. ನಾಲ್ಕು ಹೊಡೆತದ ಎಂಜಿನಾದ್ದರಿಂದ ಒಂದು ಸುತ್ತಿಗೆ ಇದರಲ್ಲಿ ಅರ್ಧವನ್ನು, ಎಂದರೆ ೫೯೮ನ್ನು, ಹೀರಬೇಕು. ವಾಸ್ತವವಾಗಿ ನೂರಕ್ಕೆ ೮೫ರಂತೆ ಸುಮಾರು ೫೧೦ ಹೀರುತ್ತದೆ. ಬೆಂಗಳೂರಿನ ಗಾಳಿ ೦.೯೧ ಬಾರ್, ಅದರ ಮೇಲೆ ೦.೪ ಬಾರ್ ಸೇರಿಸಿದರೆ ಒತ್ತಡವು ೧.೪೪ ಪಟ್ಟಾಗುತ್ತದೆ. ಶಕ್ತಿಯೂ ೧.೪೪ ಪಟ್ಟಾಯಿತೆಂದು ಹಿಗ್ಗುವಂತಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವಂತೆ ಇಲ್ಲಿಯೂ ಗಾಳಿ ಕಾಯುತ್ತದೆ. ೨೭ ಡಿಗ್ರಿಯ ಗಾಳಿ ರೂಟ್ಸ್ ಯಂತ್ರದಿಂದ ಹೊರಬೀಳುವಾಗ ೮೭ ಡಿಗ್ರಿಯ ಸುಮಾರಿಗೆ ಬಂದಿರುತ್ತದೆ. ಕಾದ ಗಾಳಿ ಹಿಗ್ಗುವುದರಿಂದ ಎಂಜಿನಿಗೆ ಸೇರುವ ತೂಕವು ಹೆಚ್ಚುವುದು ೧.೨ ಪಟ್ಟು ಮಾತ್ರ. ನಡುವೆ ಇಂಟರ್‌ಕೂಲರ್ ಎಂಬ ತಂಪುಪೆಟ್ಟಿಗೆಯನ್ನಿಟ್ಟು ಗಾಳಿಯನ್ನು ೪೫ ಡಿಗ್ರಿಗೆ ಇಳಿಸಿದರೆ ೧.೩೬ ಪಟ್ಟು ದೊರಕುತ್ತದೆ. ಆದುದರಿಂದ ತಿದಿಗೆ ಹಣವಿದ್ದು ತಂಪುಪೆಟ್ಟಿಗೆಗೆ ಇಲ್ಲದಿದ್ದರೆ ಎರಡನ್ನೂ ಕೊಳ್ಳದಿರುವುದು ಮೇಲು.

ಈಗ ೫೧೦ರ ೧.೩೬ ಪಟ್ಟು ಸುಮಾರು ೬೯೪; ಉರುಳೆಗಳ ಸಂದಿನಲ್ಲಿ ಸೋರುವುದನ್ನೂ ಕೂಡಿಸಿದರೆ ಎಂಜಿನಿನ ಒಂದು ಸುತ್ತಿಗೆ ೮೧೬ ಘನ ಸೆಂಟಿಮೀಟರ್ ಬೇಕು. ೨೦೦೨ರಿಂದ ೨೦೦೬ರವರೆಗೆ ಮಿನಿ ಕೂಪರ್ ಎಸ್ ಕಾರಿನಲ್ಲಿ ಬಂದ ಈಟನ್ ಎಂ-೪೫ ಎಂಬ ಯಂತ್ರವು ಪ್ರತಿ ಸುತ್ತಿಗೆ ೭೩೭ ತಳ್ಳುತ್ತದೆ. ಅದನ್ನು ಎಂಜಿನಿಗಿಂತ ೧.೧ ಪಟ್ಟು ವೇಗವಾಗಿ ತಿರುಗಿಸಿದರೆ ಸಾಕು. ೫೦೦ರ ಚಿಕ್ಕ ಯಂತ್ರವಾದರೆ ೧.೬೩ ಪಟ್ಟು ತಿರುಗಬೇಕು. ಕ್ರ್ಯಾಂಕಿನ ಪುಲ್ಲಿ ೧೩೦ ಮಿಲಿಮೀಟರಿನದಾದರೆ ತಿದಿಯ ಪುಲ್ಲಿ ಮೊದಲನೆಯದಕ್ಕೆ ೧೧೮, ಎರಡನೆಯದಕ್ಕೆ ೮೦. ದೊಡ್ಡದು ನಿಧಾನವಾಗಿ ತಿರುಗುವುದೇ ಹಿತವೆಂದು ತೋರಬಹುದು. ಆದರೆ ಉರುಳೆಗಳು ನಿಧಾನವಾಗಿ ತಿರುಗಿದಷ್ಟೂ ಸೋರಿಕೆಯ ಪಾಲು ಹೆಚ್ಚು. ನಮಗೆ ಬೇಕಾದ ೩೦೦೦ ಸುತ್ತಿನಲ್ಲಿ ದೊಡ್ಡದು ಬರಿಯ ೩೩೦೦ ತಿರುಗಿದರೆ ಚಿಕ್ಕದು ಸುಮಾರು ೪೯೦೦ ತಿರುಗಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿರುತ್ತದೆ. ತಯಾರಕರು ವಿಧಿಸಿದ ವೇಗದ ಮಿತಿಯೊಳಗಿರುವುದಾದರೆ ಚಿಕ್ಕದನ್ನೇ ಆರಿಸತಕ್ಕದ್ದು. ಆದರೂ ತುದಿವೇಗದಲ್ಲಿ ಆರು ಅಶ್ವಶಕ್ತಿಯಷ್ಟನ್ನು ಈ ತಿದಿಯೇ ಉಂಡುಬಿಡುತ್ತದೆಂಬುದನ್ನು ನೆನಪಿನಲ್ಲಿಡಬೇಕು.

ಪುಲ್ಲಿಯನ್ನು ಕಡೆಯುವುದಕ್ಕೂ ಬ್ರ್ಯಾಕೆಟ್ಟನ್ನು ಮಾಡಿಸುವುದಕ್ಕೂ ನಮ್ಮ ಭಾಗದವರು ದೂರ ಹೋಗಬೇಕಾದುದಿಲ್ಲ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿಯೂ ಕಾಮಾಕ್ಷಿಪಾಳ್ಯದಲ್ಲಿಯೂ ಲೇತ್ ಯಂತ್ರದ ಕುಶಲ ಕೆಲಸಗಾರರಿದ್ದಾರೆ. ಅವರಿಗೆ ಕೊಡುವ ನಕ್ಷೆ ಮಾತ್ರ ಸರಿಯಾಗಿರಬೇಕು. ಎರಡು ಪುಲ್ಲಿಗಳು ಒಂದೇ ನೇರದಲ್ಲಿರದೆ ಒಂದು ಮಿಲಿಮೀಟರ್ ಓರೆಯಾದರೂ ಬೆಲ್ಟು ಹಾರುತ್ತದೆ, ಬೇರಿಂಗು ಸವೆಯುತ್ತದೆ. ತೆಳುವಾದ ತಗಡಿನ ಬ್ರ್ಯಾಕೆಟ್ಟು ಮನೆಯಂಗಳದಲ್ಲಿ ಗಟ್ಟಿಯಾಗಿ ಕಂಡರೂ ಪಂದ್ಯದ ಕುಲುಕಾಟದಲ್ಲಿ ಬಾಗುವುದು.

ತಿದಿಗಿಂತ ಮೊದಲು ಕೈಹಚ್ಚತಕ್ಕದ್ದು ಪೆಟ್ರೋಲಿನ ಏರ್ಪಾಡಿಗೆ. ಗಾಳಿ ಮೂರನೆಯ ಒಂದು ಪಾಲು ಹೆಚ್ಚಾದರೆ ಪೆಟ್ರೋಲೂ ಅಷ್ಟೇ ಹೆಚ್ಚಬೇಕು. ಹಳೆಯ ಇಂಜೆಕ್ಟರುಗಳಿಂದ ಅದು ಸಾಧ್ಯವಾಗದಿದ್ದರೆ ಮಿಶ್ರಣವು ತೆಳುವಾಗಿ, ನಾಕಿಂಗ್ ಶುರುವಾಗಿ, ಕೆಲವು ಸೆಕೆಂಡುಗಳಲ್ಲಿಯೇ ಪಿಸ್ಟನ್ ತೂತಾಗಬಹುದು. ಇಂದಿನ ಎಂಜಿನುಗಳ ಸಂಪೀಡನವು ಹತ್ತು ಹನ್ನೊಂದು ಪಟ್ಟು ಇರುವುದರಿಂದ ಅಪಾಯವು ಇನ್ನೂ ಹೆಚ್ಚು. ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲು ನಾಕಿಂಗನ್ನು ಸ್ವಲ್ಪ ತಡೆಯುತ್ತದೆ, ನಿಜ. ಆದರೆ ಅದರ ಕಾವು ಕಡಿಮೆಯಾದ್ದರಿಂದ ಇಂಧನವನ್ನು ಮತ್ತಷ್ಟು ಸುರಿಯಬೇಕು. ಒಳಭಾಗಗಳನ್ನು ಬದಲಾಯಿಸದ ಎಂಜಿನಿಗೆ ೦.೩ರಿಂದ ೦.೪ ಬಾರ್ ದಾಟಕೂಡದು. ಕಿಡಿಯ ಕಾಲವನ್ನೂ ಇಂಧನದ ಅಳತೆಯನ್ನೂ ತಿದ್ದಬಲ್ಲವನನ್ನು ಮೊದಲು ಹುಡುಕಿ, ಅವನು ಒಪ್ಪಿದ ಮೇಲೆ ಯಂತ್ರವನ್ನು ಕೊಳ್ಳುವುದು ಕ್ರಮ. ನಮ್ಮವರು ಮಾಡುವುದು ಇದಕ್ಕೆ ತಿರುಗುಮುರುಗು.

ಬಲವು ಬಾಳಿಕೆಯನ್ನು ತಿಂದ ಕಥೆ ಹೊಸದಲ್ಲ. ಮರ್ಸಿಡಿಸ್ ಕಂಪೆನಿಯವರು ೧೯೨೧ರಲ್ಲಿಯೇ ಬರ್ಲಿನ್ನಿನ ಪ್ರದರ್ಶನದಲ್ಲಿ ತಿದಿಯುಳ್ಳ ಕಾರುಗಳನ್ನು ತೋರಿಸಿದ್ದರು. ಇಂಗ್ಲೆಂಡಿನ ಬರ್ಕಿನ್ ಎಂಬ ಸಾಹಸಿಯು ನಾಲ್ಕೂವರೆ ಲೀಟರಿನ ಬೆಂಟ್ಲಿ ಕಾರಿಗೆ ಸೂಪರ್‌ಚಾರ್ಜರ್ ಕೂಡಿಸಿದನು. ೧೧೦ ಅಶ್ವಶಕ್ತಿಯ ಎಂಜಿನು ೧೭೫ಕ್ಕೆ, ಪಂದ್ಯದ ಕಾರುಗಳಲ್ಲಿ ೨೪೦ಕ್ಕೆ ಏರಿತು. ಕಾರನ್ನು ನಿರ್ಮಿಸಿದ ಬೆಂಟ್ಲಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ೧೯೩೦ರಲ್ಲಿ ಫ್ರಾನ್ಸಿನ ಲ ಮಾನ್ಸ್‌ನಲ್ಲಿ ನಡೆದ ೨೪ ಗಂಟೆಗಳ ಪಂದ್ಯದಲ್ಲಿ ಬರ್ಕಿನ್ನನ ತಂಡದ ಕಾರುಗಳೂ, ಅವನು ಬೆನ್ನಟ್ಟಿದ ತಿದಿಯ ಮರ್ಸಿಡಿಸ್ಸೂ ಅರ್ಧದಲ್ಲಿಯೇ ನಿಂತುಹೋದವು. ಗೆದ್ದದ್ದು ತಿದಿಯಿಲ್ಲದ ಆರೂವರೆ ಲೀಟರಿನ ಇನ್ನೊಂದು ಬೆಂಟ್ಲಿ.

ಇನ್ನು ನಿಯಮಗಳ ಮಾತು. ಅಂತರರಾಷ್ಟ್ರೀಯ ಮೋಟಾರು ಸಂಸ್ಥೆಯ ಕಟ್ಟಳೆಯಂತೆ, ಗಾಳಿ ತುಂಬುವ ಪೆಟ್ರೋಲ್ ಎಂಜಿನಿನ ಗಾತ್ರವನ್ನು ೧.೭ರಿಂದ ಗುಣಿಸಿ ವರ್ಗವನ್ನು ಗೊತ್ತುಮಾಡುವ ಪದ್ಧತಿಯಿದೆ. ನಮ್ಮ ೧೧೯೭ರ ಕಾರು ಆಗ ೨೦೩೪ಕ್ಕೂ ಮೇಲಿನದಾಗಿ, ಎರಡು ಲೀಟರಿನ ಕಾರುಗಳ ಗುಂಪನ್ನೂ ದಾಟಿಬಿಡುತ್ತದೆ. ಮೂರನೆಯ ಒಂದು ಪಾಲು ಶಕ್ತಿಯನ್ನು ಪಡೆದು, ಮುಕ್ಕಾಲು ಪಾಲಿನಷ್ಟು ದೊಡ್ಡ ಎಂಜಿನಿನವರೊಡನೆ ಸೆಣಸುವುದು ಲಾಭದ ವ್ಯಾಪಾರವಲ್ಲ. ಯಾವ ಪಂದ್ಯಕ್ಕೆ ಹೋಗುವುದಿದ್ದರೂ ಅದರ ವಿಶೇಷ ನಿಯಮಗಳನ್ನು ತರಿಸಿ ಓದಿದ ಮೇಲೆಯೇ ಹಣದ ಗಂಟನ್ನು ಬಿಚ್ಚಬೇಕು. ಮೈಸೂರು ರಸ್ತೆಯಲ್ಲಿ ಕೆಂಗೇರಿಗೆ ಈಚೆಗಿರುವ ರಾಷ್ಟ್ರೀಯ ವಿದ್ಯಾಲಯ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ೨೦೦೩ರಲ್ಲಿ ಆರಂಭಿಸಿದ ಅಶ್ವ ರೇಸಿಂಗ್ ಎಂಬ ತಂಡದವರಿಗೆ ಇಂಥ ಓದು ಪಾಠದಷ್ಟೇ ಪರಿಚಿತವಾಗಿರಬೇಕು. ಫಾರ್ಮುಲಾ ಸ್ಟುಡೆಂಟ್ ಎಂಬ ಅವರ ಬಗೆಯ ಪಂದ್ಯದಲ್ಲಿಯೂ ಆಟೋಕ್ರಾಸ್ ಒಂದು ಅಂಗ. ಅಲ್ಲಿ ಎಂಜಿನು ಉಸಿರಾಡುವ ಗಾಳಿಯೆಲ್ಲ ೨೦ ಮಿಲಿಮೀಟರಿನ ಒಂದು ಕಿಂಡಿಯ ಮೂಲಕವೇ ಬರಬೇಕು. ತಿದಿಯನ್ನು ಇಡುವುದಾದರೆ ಆ ಕಿಂಡಿಯ ಹಿಂದೆ ಇಡಬೇಕು. ಎಂಥ ತಿದಿಯಾದರೂ ಆ ಕಿಂಡಿ ಬಿಟ್ಟುಕೊಟ್ಟಷ್ಟನ್ನು ಮೀರಿ ಎಳೆಯಲಾರದು. ನಡುವೇಗದ ಎಳೆತವನ್ನು ಹೆಚ್ಚಿಸುವುದಷ್ಟೇ ಅದರಿಂದಾಗುವ ಉಪಕಾರ.

ಪಂದ್ಯದ ನಿಯಮಕ್ಕಿಂತ ಮನೆಯ ಯಜಮಾನನಿಗೆ ಮುಖ್ಯವಾದುದು ಸರ್ಕಾರದ ನಿಯಮ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ವಿಧಿಯು ವಾಹನದ ಮೂಲಸ್ವರೂಪವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನೂ ಸ್ಪಷ್ಟಪಡಿಸಿತು. ಹೀಗಿರಲು ಶನಿವಾರದವರೆಗೆ ಅಮ್ಮನನ್ನು ದೇವಸ್ಥಾನಕ್ಕೂ ತಂಗಿಯನ್ನು ಕಾಲೇಜಿಗೂ ಕರೆದೊಯ್ದ ಕಾರನ್ನೇ ಭಾನುವಾರ ಪಂದ್ಯಕ್ಕೆ ಬಿಡುವ ಉದ್ದೇಶವಿದ್ದರೆ ತಿದಿಯ ಯೋಚನೆಯನ್ನು ಬಿಡತಕ್ಕದ್ದು. ಅಪಘಾತವಾದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆಯೇ ಇದಾದೀತು. ತಿದಿಯ ಕಾರು ಪಂದ್ಯಕ್ಕೇ ಮೀಸಲಾಗಿ, ಲಾರಿಯ ಮೇಲೇರಿ ಬಯಲಿಗೆ ಹೋಗಿ, ಲಾರಿಯ ಮೇಲೆಯೇ ಹಿಂದಿರುಗಬೇಕು. ಆ ಲಾರಿಯ ಬಾಡಿಗೆ, ಕಾರನ್ನು ನಿಲ್ಲಿಸುವ ಜಾಗ, ಇವೂ ತಿದಿಯ ಬೆಲೆಯಲ್ಲಿ ಸೇರಿದುವೆಂದು ತಿಳಿಯಬೇಕು.

ಮಣ್ಣಿನ ಮೇಲೆ ಮುಂದಿನ ಗಾಲಿಗಳಿಂದ ಎಳೆಯುವ ಚಿಕ್ಕ ಕಾರು ತಿದಿಯಿಲ್ಲದೆಯೇ ಮೊದಲನೆಯ ಗೇರಿನಲ್ಲಿ ಗಾಲಿಗಳನ್ನು ಸುಮ್ಮನೆ ತಿರುಗಿಸಿ ಧೂಳೆಬ್ಬಿಸುತ್ತದೆ. ಅಲ್ಲಿ ಕೊರತೆಯಿರುವುದು ಬಲಕ್ಕಲ್ಲ, ಹಿಡಿತಕ್ಕೆ. ತಿದಿ, ತಂಪುಪೆಟ್ಟಿಗೆ, ಬ್ರ್ಯಾಕೆಟ್ಟುಗಳ ಹದಿನೈದು ಇಪ್ಪತ್ತು ಕಿಲೋ ತೂಕವನ್ನು ಮೂತಿಯ ಮೇಲೆ ಹೇರಿದರೆ ತಿರುವುಗಳಲ್ಲಿ ಕಾರು ಇನ್ನಷ್ಟು ಮೊಂಡಾಗುತ್ತದೆ. ಆದುದರಿಂದ ಮಗನು ಕೇಳಿದ ಹಣದಲ್ಲಿ ಒಂದು ಪಾಲನ್ನು ಮೊದಲು ಒಳ್ಳೆಯ ಟೈರುಗಳಿಗೂ, ಒಂದು ಗಾಲಿ ಜಾರಿದರೆ ಇನ್ನೊಂದಕ್ಕೆ ಬಲವನ್ನು ಕಳಿಸುವ ಡಿಫರೆನ್ಷಿಯಲಿಗೂ, ಪಂದ್ಯಗಳ ಪ್ರವೇಶಶುಲ್ಕಕ್ಕೂ ಕೊಡುವುದು ವಿಹಿತ. ಒಂದು ವರ್ಷ ಹೀಗೆ ಓಡಿಸಿದ ಮೇಲೆ, ಎರಡನೆಯ ಗೇರಿನಲ್ಲಿ ಪೂರಾ ಕಾಲಿಟ್ಟರೂ ಗಾಲಿ ಜಾರದೆ ಕಾರು ಮಂದವಾಗಿ ಹೊರಡುತ್ತಿದ್ದರೆ, ಆಗ ಐನೂರರ ಚಿಕ್ಕ ತಿದಿಯನ್ನೂ ೮೦ ಮಿಲಿಮೀಟರಿನ ಪುಲ್ಲಿಯನ್ನೂ ಕುರಿತು ತಂದೆಮಕ್ಕಳು ಕುಳಿತು ಮಾತಾಡಬಹುದು. ಬೆಲ್ಟಿನ ಮೇಲೊಂದು ಗಟ್ಟಿ ಮುಚ್ಚಳವನ್ನು ಮಾಡಿಸುವುದನ್ನು ಮಾತ್ರ ಆಗ ಮರೆಯಬಾರದು. ಆರು ಸಾವಿರ ಸುತ್ತಿನಲ್ಲಿ ಹರಿದ ಬೆಲ್ಟು ಪಕ್ಕದ ನೀರಿನ ಕೊಳವೆಯನ್ನೂ ವಿದ್ಯುತ್ತಿನ ತಂತಿಗಳನ್ನೂ ಒಟ್ಟಿಗೇ ಕತ್ತರಿಸಿಹಾಕುತ್ತದೆ.