‘ಬೇಡರ ಕಣ್ಣಪ್ಪ’: ಕುಲ ಮತ್ತು ಸ್ತ್ರೀತ್ವ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪರಿಸರದಲ್ಲಿ ಬೇಡ ನಾಯಕ ಸಮುದಾಯವು ಗಣನೀಯವಾಗಿದೆ. ಈ ಸಮುದಾಯದ ನೆಲೆಯಿಂದ ‘ಬೇಡರ ಕಣ್ಣಪ್ಪ’ (1954) ಚಲನಚಿತ್ರವನ್ನು ಪರಿಶೀಲಿಸುವುದು ಉಚಿತ. ಗುಬ್ಬಿ ಕಂಪನಿಯ ನಾಟಕವನ್ನು ಆಧರಿಸಿ ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ ಈ ಚಿತ್ರದಲ್ಲಿ ಕಣ್ಣಪ್ಪನಾಗಿ ರಾಜ್‌ಕುಮಾರ್, ಪತ್ನಿ ನೀಲಳಾಗಿ ಪಂಡರಿಬಾಯಿ ಅಭಿನಯಿಸಿದ್ದಾರೆ.

ಬೇಡನ ಭಕ್ತಿಯೆದುರು ಅರ್ಚಕನ ಕುಲಗರ್ವವು ಸೋಲುವುದು ಚಿತ್ರದ ಹಿರಿಮೆ. ಆದರೆ ದಂಪತಿಗಳು ಭೂಮಿಗಿಳಿದ ದೇವಲೋಕದವರೆಂಬ ಕಥಾಚೌಕಟ್ಟು ಅದನ್ನು ಕುಂದಿಸುತ್ತದೆ. ಗೌರವಕ್ಕೆ ಬೇಡಕುಲವೊಂದೇ ಸಾಲದೆಂಬ ಧ್ವನಿ ಅದರಲ್ಲಿದೆ. ಕುಲದ ಅವಮಾನವನ್ನು ಇಬ್ಬರೂ ಉಣ್ಣುತ್ತಾರೆ. ಕಣ್ಣನ್ನೇ ಅರ್ಪಿಸುವ ಭಕ್ತಿಯ ಶಿಖರ ಮಾತ್ರ ಕಣ್ಣಪ್ಪನದು. ನೀಲಳ ಹಿರಿಮೆಯು ಪತಿನಿಷ್ಠೆಯಲ್ಲಿಯೇ ನಿಲ್ಲುತ್ತದೆ.

ಸಿರುಗುಪ್ಪ ವಿಧಾನಸಭಾ ಕ್ಷೇತ್ರವು 2008ರ ಚುನಾವಣೆಯಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದೆ. ಸಂವಿಧಾನವು ದೈವೀಮೂಲವನ್ನು ಕೇಳದೆಯೇ ಹಕ್ಕನ್ನಿತ್ತಿತು. ಬೇಡಿತಿಯನ್ನು ಬೇಡಿತಿಯಾಗಿಯೇ ಗೌರವಿಸುವ ಹೊಣೆಯು ಕಲೆಯ ಪಾಲಿಗೆ ಇನ್ನೂ ಉಳಿದಿದೆ.