ಮಾಟಕ್ಕೆ ದಂಡನೆ: ಶಾಫಿ ನ್ಯಾಯಪಂಥ ಮತ್ತು ಕೇರಳದ ಸಂದರ್ಭ

ಇಸ್ಲಾಮೀ ದಂಡಶಾಸ್ತ್ರವು ಮಾಟಗಾರನಿಗೆ ಮರಣದಂಡನೆ ವಿಧಿಸುತ್ತದೆ ಎಂಬ ಹೇಳಿಕೆ ಸಾಮಾನ್ಯ ಗ್ರಂಥಗಳಲ್ಲಿ ಮತ್ತೆ ಮತ್ತೆ ಕಾಣಸಿಗುತ್ತದೆ. ಕೇರಳ ಮತ್ತು ಕರ್ನಾಟಕದ ಕರಾವಳಿಯ ಮಟ್ಟಿಗೆ ಈ ಸಾಮಾನ್ಯೀಕರಣ ಸಲ್ಲದು. ಇಲ್ಲಿನ ಮಾಪಿಳ್ಳ, ಬ್ಯಾರಿ ಹಾಗೂ ನವಾಯತ ಸಮುದಾಯಗಳು ಬಹುಮಟ್ಟಿಗೆ ಶಾಫಿ ನ್ಯಾಯಪಂಥಕ್ಕೆ ಸೇರಿದವು. ಈ ವಿಷಯದಲ್ಲಿ ಆ ಪಂಥದ ನಿಲುವು ಹನಫಿ, ಮಾಲಿಕಿ, ಹಂಬಲಿ ಪಂಥಗಳ ನಿಲುವಿಗಿಂತ ಭಿನ್ನವಾದುದು.

ಮಾಟಕ್ಕೆ ಅರಬ್ಬಿಯಲ್ಲಿ 'ಸಿಹ್ರ್' ಎಂದೂ ಕಣಿ ಹೇಳುವವನಿಗೆ 'ಕಾಹಿನ್' ಎಂದೂ ಹೆಸರು. ಕುರಾನಿನ ಎರಡನೆಯ ಅಧ್ಯಾಯದ 102ನೆಯ ವಚನ ಸಿಹ್ರನ್ನು ಖಂಡಿಸುತ್ತದೆಯಾದರೂ ಲೌಕಿಕ ಶಿಕ್ಷೆಯನ್ನು ಗೊತ್ತುಪಡಿಸುವುದಿಲ್ಲ. ಖಡ್ಗದಂಡನೆಗೆ ಆಧಾರವೆನ್ನಲಾದ ಹದೀಸು ತಿರ್ಮಿದಿಯ ಸಂಗ್ರಹದಲ್ಲಿದೆ. ಅದು ಪ್ರವಾದಿಯ ವಚನವಲ್ಲ, ಜುಂದುಬ್ ಎಂಬ ಸಹಚರನ ಮಾತೆಂಬುದೇ ಸರಿಯೆಂದು ಸಂಗ್ರಹಕಾರನೇ ಸೂಚಿಸಿದ್ದಾನೆ. ಉಳಿದ ಮೂರು ಪಂಥಗಳು ಸಾಮಾನ್ಯವಾಗಿ ಮರಣದಂಡನೆಯನ್ನು ಒಪ್ಪಿದರೆ, ಶಾಫಿ ಪಂಥವು ಮೊದಲು ಕೃತ್ಯದ ಸ್ವರೂಪವನ್ನು ವಿಚಾರಿಸುತ್ತದೆ. ಮಾಟದಲ್ಲಿ ಧರ್ಮನಿರಾಕರಣೆಯ ನುಡಿ ಅಥವಾ ಕ್ರಿಯೆ ಇದ್ದರೆ ಅದು ಧರ್ಮತ್ಯಾಗದ ಅಪರಾಧ. ಮಾಟದಿಂದ ಸಾವು ಸಂಭವಿಸಿದರೆ ಅದು ನರಹತ್ಯೆಯ ಪ್ರಕರಣ. ಇವೆರಡೂ ಇಲ್ಲದಿದ್ದಲ್ಲಿ ಅದು ಮಹಾಪಾಪವೇ ಹೊರತು ಮರಣಾರ್ಹವಲ್ಲ.

ಸಾಕ್ಷ್ಯದ ನಿಯಮ ಇನ್ನೂ ಗಮನಾರ್ಹವಾದುದು. ಮಾಟದಿಂದಾದ ಕೊಲೆಯನ್ನು ಸಾಕ್ಷಿಗಳ ಮೂಲಕ ಸಿದ್ಧಪಡಿಸಲಾಗದು. ಆರೋಪಿಯ ತಪ್ಪೊಪ್ಪಿಗೆಯೊಂದೇ ಮಾರ್ಗ. ಮಾಟಗಾರನ ಸಂಕಲ್ಪವಾಗಲಿ ಮಾಟದ ಪರಿಣಾಮವಾಗಲಿ ಸಾಕ್ಷಿಯ ಕಣ್ಣಿಗೆ ಗೋಚರಿಸುವುದಿಲ್ಲವೆಂಬುದು ಇದಕ್ಕೆ ಕೊಟ್ಟಿರುವ ಕಾರಣ. ತಪ್ಪೊಪ್ಪಿಗೆಯಲ್ಲಿಯೂ ತರತಮವಿದೆ. ತನ್ನ ಮಾಟ ಸಾಮಾನ್ಯವಾಗಿ ಕೊಲ್ಲುವಂಥದು ಎಂದರೆ ಉದ್ದೇಶಪೂರ್ವಕ ಹತ್ಯೆ, ಅದಕ್ಕೆ ಪ್ರತಿದಂಡ. ವಿರಳವಾಗಿ ಕೊಲ್ಲುವಂಥದು ಎಂದರೆ ಅರೆ ಉದ್ದೇಶಪೂರ್ವಕ. ಬೇರೊಬ್ಬನಿಗೆ ಮಾಡಿದ್ದು ಇವನಿಗೆ ತಗುಲಿತು ಎಂದರೆ ಪ್ರಮಾದ. ಕೊನೆಯ ಎರಡರಲ್ಲಿ ರಕ್ತಪರಿಹಾರ ಮಾತ್ರ. ಕಣ್ಣುದೃಷ್ಟಿಯಿಂದ ಸಾವು ಬಂತೆಂದು ಒಪ್ಪಿಕೊಂಡವನ ಮೇಲೆ ಪರಿಹಾರದ ಹೊಣೆಯೂ ಇಲ್ಲ. ಮಾಟದ ಶಕ್ತಿಯನ್ನು ನಿಜವೆಂದು ನಂಬಿದ ಶಾಸ್ತ್ರವೇ ಊರವರ ಶಂಕೆಯನ್ನು ಸಾಕ್ಷ್ಯವೆಂದು ಸ್ವೀಕರಿಸಲಿಲ್ಲ. ಅದರ ವೈಶಿಷ್ಟ್ಯವಿರುವುದು ಇಲ್ಲಿಯೇ.

ಈ ಶಾಸ್ತ್ರ ಕೇರಳದಲ್ಲಿ ಬಹುಮಟ್ಟಿಗೆ ಅಧ್ಯಯನದ ವಿಷಯವಾಗಿಯೇ ಉಳಿಯಿತು. ಹದಿನಾರನೆಯ ಶತಮಾನದಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಮ್ 'ಫತ್ಹುಲ್ ಮುಈನ್' ಎಂಬ ಶಾಫಿ ಧರ್ಮಶಾಸ್ತ್ರ ಗ್ರಂಥವನ್ನು ರಚಿಸಿದಾಗ ಮಲಬಾರಿನ ಪ್ರಮುಖ ಅರಸರು ಹಿಂದೂಗಳಾಗಿದ್ದರು. 1802ರ ಮದರಾಸು ರೆಗ್ಯುಲೇಷನ್‌ಗಳ ಅನ್ವಯ ಕಂಪನಿ ಸರ್ಕಾರದ ಕ್ರಿಮಿನಲ್ ನ್ಯಾಯಾಲಯಗಳು ಮುಸ್ಲಿಂ ದಂಡವಿಧಿಯನ್ನು ತಿದ್ದುಪಡಿಗಳೊಡನೆ ಅನುಸರಿಸಿದವು. ಮಲಬಾರು ಹಾಗೂ ಅಂದಿನ ಕನ್ನಡ ಜಿಲ್ಲೆ ಆ ಆಡಳಿತಕ್ಕೆ ಒಳಪಟ್ಟಿದ್ದವು. ಆದರೆ ಆ ವಿಧಿಯ ಬುನಾದಿ ಹನಫಿ ಪಂಥದ್ದು. ಕೊಚ್ಚಿ ಮತ್ತು ತಿರುವಿದಾಂಕೂರು ಸಂಸ್ಥಾನಗಳು ಅದರ ವ್ಯಾಪ್ತಿಯ ಹೊರಗಿದ್ದವು. 1862ರ ಜನವರಿ 1ರಂದು ಭಾರತೀಯ ದಂಡಸಂಹಿತೆ ಜಾರಿಗೆ ಬಂದು ಆ ವ್ಯವಸ್ಥೆ ಅಂತ್ಯಗೊಂಡಿತು. 1937ರ ಷರೀಅತ್ ಅಧಿನಿಯಮವು ವಿವಾಹ, ಉತ್ತರಾಧಿಕಾರ ಮುಂತಾದ ವೈಯಕ್ತಿಕ ವಿಷಯಗಳಿಗೆ ಸೀಮಿತವಾಗಿದೆ.

ಆದುದರಿಂದ ಇಂದಿನ ಪ್ರಶ್ನೆ ಇರುವುದು ರಾಜ್ಯದ ಶಾಸನದಲ್ಲಿ. ತಿರುವನಂತಪುರದ ಸರ್ಕಾರಕ್ಕೆ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಅಧ್ಯಕ್ಷತೆಯ ಕಾನೂನು ಸುಧಾರಣಾ ಆಯೋಗವು 2019ರಲ್ಲಿ ಅಮಾನವೀಯ ಆಚರಣೆ ಹಾಗೂ ವಾಮಾಚಾರವನ್ನು ತಡೆಯುವ ಮಸೂದೆಯನ್ನು ಶಿಫಾರಸು ಮಾಡಿತು. 2022ರ ಅಕ್ಟೋಬರಿನಲ್ಲಿ ಪತ್ತನಂತಿಟ್ಟ ಜಿಲ್ಲೆಯ ಎಲಂತೂರಿನಲ್ಲಿ ಇಬ್ಬರು ಮಹಿಳೆಯರನ್ನು ಬಲಿಗಾಗಿ ಕೊಂದ ಆರೋಪ ಬೆಳಕಿಗೆ ಬಂದಿತು. ಕೊಚ್ಚಿಯ ಪೊಲೀಸರು ತನಿಖೆ ನಡೆಸಿದರು. ತರುವಾಯ ಕೇರಳ ಯುಕ್ತಿವಾದಿ ಸಂಘವು ಕೊಚ್ಚಿಯಲ್ಲಿರುವ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಶಾಸನ ರಚನೆಯನ್ನು ಮುಂದುವರಿಸದಿರಲು ಸಚಿವ ಸಂಪುಟವು 2023ರಲ್ಲಿ ನಿರ್ಧರಿಸಿತ್ತೆಂದು ಸರ್ಕಾರ 2025ರ ಜೂನಿನಲ್ಲಿ ನ್ಯಾಯಾಲಯಕ್ಕೆ ತಿಳಿಸಿತು. ಕರ್ನಾಟಕದಲ್ಲಿ 2017ರ ಅಧಿನಿಯಮ 2020ರಿಂದ ಜಾರಿಯಲ್ಲಿದ್ದು, ನಿಷಿದ್ಧ ಕೃತ್ಯಗಳನ್ನು ಅನುಸೂಚಿಯಲ್ಲಿ ಹೆಸರಿಸಿದೆ.

ಆಧುನಿಕ ಶಾಸನ ಮಾಟದ ಶಕ್ತಿಯನ್ನು ಒಪ್ಪುವುದಿಲ್ಲ. ಮಾಟದ ಹೆಸರಿನಲ್ಲಿ ನಡೆಯುವ ಹಿಂಸೆ ಮತ್ತು ವಂಚನೆಯನ್ನು ದಂಡಿಸುತ್ತದೆ. ಅದರ ಚಿಂತೆ ಆಚರಣೆಗೆ ಬಲಿಯಾಗುವವರದು. ಶಾಫಿ ಶಾಸ್ತ್ರದ ಸಾಕ್ಷ್ಯನಿಯಮದಿಂದ ರಕ್ಷಣೆ ದೊರೆತದ್ದು ಮಾಟಗಾರನೆಂದು ಶಂಕೆಗೊಳಗಾದವನಿಗೆ. ಇವು ಎರಡು ಬೇರೆ ಬೇರೆ ಅಪಾಯಗಳು. ಒಂದನ್ನು ತಡೆಯುವ ಶಾಸನವು ಇನ್ನೊಂದಕ್ಕೆ ಎಡೆಗೊಡಬಾರದೆಂದರೆ, ನಂಬಿಕೆಯನ್ನಲ್ಲ, ಕಣ್ಣಿಗೆ ಕಾಣುವ ಕೃತ್ಯವನ್ನು ಅದು ನಿಖರವಾಗಿ ಹೆಸರಿಸಬೇಕಾಗುತ್ತದೆ.